ಹೊಲದಾಗ ಕುರಿ ನಿಲ್ಲಿಸಿದ್ವಿ: ಗೊಬ್ಬರಕ್ಕ ಐದು ಸ್ಟಾರ್, ತಾರೀಖಿಗೆ ಎರಡ

ಟ್ರ್ಯಾಕ್ಟರ್ ರಿವ್ಯೂ, ಪಂಪ್‌ಸೆಟ್ ರಿವ್ಯೂ, ಹುಬ್ಬಳ್ಳಿ ಗಿರ್ಮಿಟ್ ಅಂಗಡಿ ರಿವ್ಯೂ ಎಲ್ಲಾ ಸಿಗ್ತಾವ, ಆದ್ರ ಕುರಿ ಹಿಂಡು ಕರಸಿ ಹೊಲದಾಗ ರಾತ್ರಿ ನಿಲ್ಲಸೋ ಸರ್ವೀಸ್ ಬಗ್ಗೆ ಯಾರೂ ಒಂದ ಸಾಲ ಬರದಿದ್ದು ಕಾಣಲಿಲ್ಲ, ಯಾಕಂದ್ರ ಅದಕ್ಕ ಬೋರ್ಡ್ ಇಲ್ಲ, ಬಿಲ್ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ, ಮ್ಯಾಪ್‌ನಾಗ ಪಿನ್ ಹಾಕೋಣಂದ್ರ ಅಂಗಡಿನ ನಡಕೋತ ತಿರಗತಿರ್ತೈತಿ. ನಮ್ಮ ಹೊಲ ಗದಗ ಜಿಲ್ಲಾದ ಡಂಬಳದ ಕಡೆ, ನಾ ಇರೋದು ಹುಬ್ಬಳ್ಳ್ಯಾಗ ನೌಕರಿಗೆ, ದೊಡ್ಡಪ್ಪ ಊರಾಗ ಇದ್ದು ನೋಡ್ಕೋತಾರ. ಈ ಸಲ ಕುರಿ ಕರಸೋ ಜವಾಬ್ದಾರಿ ನನ್ನ ಮ್ಯಾಲ ಬಿದ್ದಿತ್ತು, ಹಂಗಾಗಿ ಬುಕಿಂಗ್‌ನಿಂದ ಹಿಡದು ಬಾಂದದ (ಹೊಲದ ಬದುವಿನ) ಮ್ಯಾಲಿನ ಜಗಳದ ತನಕ ಎಲ್ಲಾ ಕಣ್ಣಾರೆ ನೋಡೇನಿ.

ಗೊತ್ತಿಲ್ಲದವರಿಗೆ ಮೊದಲ ಹೇಳಿಬಿಡ್ತೇನಿ. ಸುಗ್ಗಿ ಮುಗದು ಹೊಲ ಖಾಲಿ ಬಿದ್ದಾಗ ಕುರಿಗಾರರು ಹಿಂಡು ತಂದು ಹಗಲೆಲ್ಲಾ ಸುತ್ತಮುತ್ತ ಮೇಯಿಸ್ತಾರ, ರಾತ್ರಿ ನಿಮ್ಮ ಹೊಲದಾಗ ಬಲಿ (ಬಲೆಯ ಬೇಲಿ) ಕಟ್ಟಿ ಕುರಿ ಒಳಗ ಕೂಡ್ತಾರ. ಬೆಳತನಕ ಹಾಕಿದ ಹಿಕ್ಕಿ, ಉಚ್ಚಿ ಎಲ್ಲಾ ನಿಮ್ಮ ಮಣ್ಣಿಗೆ. ಮರದಿವ್ಸ ಬಲಿ ಪಕ್ಕಕ್ಕ ಸರಸ್ತಾರ, ಹಿಂಗ ಸರಸಕೋತ ಪೂರ್ತಿ ಹೊಲ ಆಗ್ತೈತಿ. ಐನೂರು ಕುರಿ ಅಂದ್ರ ಒಂದ ರಾತ್ರಿಗೆ ಐದಾರು ಗುಂಟೆ ಹಿಡಿತಾವ, ಅಂದ್ರ ಎಕರೆಕ್ಕ ಒಂದ ವಾರ ಹಿಡ್ಕೊಳ್ರಿ. ನಮಗ ಮಾತಾಗಿದ್ದು ಒಂದ ಕುರಿಗೆ ರಾತ್ರಿಗೆ ಎರಡ ರೂಪಾಯಿ, ಮ್ಯಾಲ ಮನಿಯವರ ಊಟಕ್ಕ ಜ್ವಾಳ, ಬ್ಯಾಳಿ, ನಾಯಿಗೆ ನುಚ್ಚು. ಮೊದಲೆಲ್ಲಾ ರೊಕ್ಕನ ಇರಲಿಲ್ಲಂತ, ಚೀಲ ಜ್ವಾಳದ ಮ್ಯಾಲ ಮುಗೀತಿತ್ತು ಅಂತ ದೊಡ್ಡಪ್ಪ ಇನ್ನೂ ಗೊಣಗ್ತಾರ. ಗೊಣಗ್ಲಿ, ಐವತ್ತ ಕೆಜಿ ಡಿಎಪಿ ಚೀಲಕ್ಕ 1,350 ರೂಪಾಯಿ ಸುಮ್ನ ಕೊಡ್ತಾರ, ಕುರಿಯವರಿಗೆ ಕೊಡಬೇಕಂದ್ರ ಕೈ ನಡಗ್ತೈತಿ.

ಮಾಲಿನ ಗುಣಮಟ್ಟದ ಬಗ್ಗೆ ಎರಡ ಮಾತಿಲ್ಲ. ಕೃಷಿ ಪುಸ್ತಕದಾಗ ಕೊಡೋ ಲೆಕ್ಕ ನೋಡಿದ್ರ ಸಾದಾ ತಿಪ್ಪಿ ಗೊಬ್ಬರದಾಗ ಸಾರಜನಕ ಅರ್ಧ ಪರ್ಸೆಂಟ್ ಇದ್ರ ಕುರಿ ಗೊಬ್ಬರದಾಗ ಸುಮಾರು 3 ಪರ್ಸೆಂಟ್, ರಂಜಕ 1, ಪೊಟ್ಯಾಶ್ 2. ಅದರ ಮ್ಯಾಲ ತಿಪ್ಪಿಯಿಂದ ಹೇರೋ ಖರ್ಚಿಲ್ಲ, ಟ್ರ್ಯಾಲಿ ಬಾಡಗಿ ಇಲ್ಲ, ಎಳಿಯಾಕ ಆಳು ಬೇಕಿಲ್ಲ, ಗೊಬ್ಬರ ತಾನ ನಡಕೋತ ಬಂದು ಬೀಳ್ತೈತಿ. ಉಚ್ಚಿ ಅಂತೂ ಯಾವ ಟ್ರ್ಯಾಲ್ಯಾಗೂ ಬರಂಗಿಲ್ಲ, ಅದು ಇದ್ರಾಗ ಅಷ್ಟ. ಒಂದ ಷರತ್ತು, ಹಿಂಡು ಎದ್ದ ಮ್ಯಾಲ ಬಿಸಲಿಗೆ ಹಂಗ ಬಿಡಬಾರ್ದು, ಲಗೂನ ಒಂದ ಸಲ ಕುಂಟಿ ಹೊಡದು ಮ್ಯಾಲಿನ ಮಣ್ಣಾಗ ಕೂಡಿಸಿಬಿಡಬೇಕು, ಇಲ್ಲಾಂದ್ರ ಅರ್ಧ ಸತ್ವ ಗಾಳಿಗೆ ಹೋಗ್ತೈತಿ.

ಸಂಜಿ ಮುಂದ ಹೊಲಕ್ಕ ಹೋಗಿ ನಿಂತ್ರ ನೋಡಾಕ ಭಾರಿ ಇರ್ತೈತಿ. ಧೂಳ ಮೊದಲ ಕಾಣ್ತೈತಿ, ಆಮ್ಯಾಲ ಗಂಟಿ ಸಪ್ಪಳ, ಆಮ್ಯಾಲ ಹಿಂಡು. ಹಗಲೆಲ್ಲಾ ಹಟ್ಟ್ಯಾಗ ಬಿಟ್ಟಿದ್ದ ಸಣ್ಣ ಮರಿ ಒಮ್ಮೆಲೆ ಅರಚಾಕ ಶುರು ಮಾಡ್ತಾವ, ಅತ್ತಾಗ ತಾಯಿನೂ ಅರಚ್ತಾವ, ಆ ನೂರಾರು ದನಿಯಾಗ ಒಂದೊಂದ ಮರಿ ತನ್ನ ತಾಯಿನ್ನ ಹೆಂಗ ಹುಡಕ್ತೈತೋ ದೇವರಿಗೇ ಗೊತ್ತು, ಹತ್ತ ನಿಮಿಷದಾಗ ಎಲ್ಲಾ ಗಪ್ ಆಗಿ ಮೊಲಿಗೆ ಬಿದ್ದಿರ್ತಾವ. ಹಿಂಡಿನ ಯಜಮಾನ ಕಾಕಾ ಬಾದಾಮಿ ತಾಲೂಕಿನವರು. ಅವರು ಬಲಿ ಗೂಟ ಹೊಡಿಯೋವಾಗ ಕೊಡಲಿ ಹಿಂಭಾಗದಿಂದ ಎರಡ ಏಟು, ಗೂಟ ಅಲ್ಲಾಡಸಿ ನೋಡಿ ಇನ್ನೊಂದ ಏಟು, ಅಷ್ಟ. ಅವರ ಹೆಂಡ್ತಿ ಕಾಕು ಮೂರು ಕಲ್ಲಿನ ಒಲಿ ಮ್ಯಾಲ ರೊಟ್ಟಿ ಬಡಿತಿರ್ತಾರ. ಕುರಿ ಹಾಲಿನ ಚಾ ಕೊಟ್ರು, ಜಿಡ್ಡು ಜಾಸ್ತಿ, ಒಂದ ಕಪ್ಪಿಗೆ ಹೊಟ್ಟಿ ತುಂಬತೈತಿ. ಇದು ಪ್ಯಾಕೇಜಿನಾಗ ಇಲ್ಲ ಮತ್ತ, ಮಾತಾಡಕೋತ ಕುಂತ್ರ ಸಿಗ್ತೈತಿ.

ಸಣ್ಣಪುಟ್ಟ ತಕರಾರು ಇದ್ದೇ ಇರ್ತಾವ. ಬಳ್ಳಾರಿ ಜಾಲಿ ಕಾಯಿ ತಿಂದು ಬಂದ ಕುರಿ ಇದ್ರ ಅದರ ಬೀಜ ಹಿಕ್ಕಿ ಜೋಡಿ ಹೊಲಕ್ಕ ಬಂದು ಮಳಿ ಬಿದ್ದ ಮ್ಯಾಲ ಮುಳ್ಳಿನ ಸಸಿ ಏಳ್ತಾವ, ಸಣ್ಣದಿದ್ದಾಗ ಕಿತ್ತರ ಸರಿ, ಬಿಟ್ರ ಮುಂದ ಜೆಸಿಬಿನ ಬೇಕು. ಉಣ್ಣಿ ಇರ್ತಾವ, ಚೊಣ್ಣ ಹಾಕ್ಕೊಂಡು ಹೋಗಬ್ಯಾಡ್ರಿ. ನಾಯಿ ಗುರ್ತು ಹಿಡಿಯೋ ತನಕ ನಿಮ್ಮನ್ನ ನಿಮ್ಮ ಹೊಲಕ್ಕ ಬಿಡಂಗಿಲ್ಲ. ಇವೆಲ್ಲಾ ನಡಿತಾವ.

ನಾ ಎರಡ ಸ್ಟಾರ್ ಕೊಟ್ಟಿದ್ದು ತಾರೀಖಿಗೆ. ಅದರದು ದೊಡ್ಡ ಕಥಿ, ಸ್ವಲ್ಪ ಉದ್ದ ಆಗ್ತೈತಿ, ತಾಳ್ಮಿ ಇದ್ದವರು ಓದ್ರಿ.

ಈ ವ್ಯವಹಾರ ನಿಂತಿದ್ದ ಒಂದ ಕ್ಯಾಲೆಂಡರ್ ಮ್ಯಾಲ. ಮಳಿಗಾಲದಾಗ ಕುರಿಗಾರರು ಎರಿ (ಕಪ್ಪ ಮಣ್ಣಿನ) ಹೊಲದ ಕಡೆ ಬರಂಗಿಲ್ಲ, ಕೆಸರಾಗ ನಿಂತ್ರ ಗೊರಸು ಕೊಳೀತಾವ, ಅದಕ್ಕ ಮಸಾರಿ (ಕೆಂಪ ಮಣ್ಣಿನ) ಭೂಮಿ, ಗುಡ್ಡದ ಅಂಚು ಹಿಡ್ಕೊಂಡು ಇರ್ತಾರ. ನಮ್ಮ ಕಡೆ ಮುಂಗಾರಿಗೆ ಹೆಸರು ಹಾಕಿ ಶ್ರಾವಣದ ಆಸುಪಾಸು ಕೀಳ್ತೇವಿ, ಆಮ್ಯಾಲ ಉತ್ತರಿ, ಹಸ್ತ, ಚಿತ್ತಿ ಮಳಿ ನೋಡಕೊಂಡು ಹಿಂಗಾರಿಗೆ ಬಿಳಿ ಜ್ವಾಳ, ಕಡ್ಲಿ ಬಿತ್ತತೇವಿ. ಸಂಕ್ರಾಂತಿ ದಾಟಿ ರಾಶಿ ಮುಗೀತು ಅಂದ್ರ ಎರಿ ಎಲ್ಲಾ ಖಾಲಿ, ಒಣಗಿ ಬಿರಕ ಬಿಟ್ಟಿರ್ತೈತಿ, ಆಗ ಕುರಿ ಬರ್ತಾವ. ಅವರು ಅಲ್ಲಿ ತನಕ ಹಾವೇರಿ, ದಾವಣಗೆರೆ ಕಡೆ ಭತ್ತ ಕೊಯ್ದ ಗದ್ದ್ಯಾಗ ಇದ್ದು, ಅದು ಮುಗದ ಮ್ಯಾಲ ಇತ್ತಾಗ ತಿರಗ್ತಾರ. ಯಾರೂ ಬರದು ಇಟ್ಟಿದ್ದಲ್ಲ, ಆದ್ರ ನಮ್ಮ ಮುತ್ತ್ಯಾನ ಕಾಲದಿಂದ ಎಲ್ಲಾರಿಗೂ ಗೊತ್ತಿರೋ ಟೈಮ್‌ಟೇಬಲ್.

ಈ ಸಲ ಏನಾತು ಅಂದ್ರ ಬಿತ್ತೋ ಟೈಮಿಗೆ ಮಳಿ ಬಿಡಲೇ ಇಲ್ಲ, ಭೂಮಿ ಹಸಿ ಆರಲಿಲ್ಲ, ಕೂರಿಗಿ ಹೂಡಾಕ ಆಗಲಿಲ್ಲ, ಕಡ್ಲಿ ಬಿತ್ತೋದು ತಡ ಆತು, ಒಂದಿಷ್ಟ ಮಂದಿ ಬಿತ್ತಿದ್ದು ಕೊಳೆತು ಮತ್ತೊಮ್ಮೆ ಬಿತ್ತಿದ್ರು. ಬಿತ್ತಿಗಿ ತಡ ಆದ್ರ ರಾಶಿನೂ ತಡ. ಅತ್ತಾಗ ಕುರಿಯವರು ಇದ್ದ ಕಡೆ ಅಕಾಲಿಕ ಮಳಿ ಬಿದ್ದು ಭತ್ತದ ಗದ್ದಿಯೊಳಗ ನಿಲ್ಲಾಕ ಆಗದಂಗ ಆಗಿ ಅವರು ಅಲ್ಲಿಂದ ಹದಿನೈದು ದಿವ್ಸ ಮೊದಲ ಹೊಂಟುಬಿಟ್ರು. ಗದಗ ಬಸ್ ಲೇಟ್ ಆಗಿ ಮುಂಡರಗಿ ಬಸ್ ಮೊದಲ ಬಿಟ್ಟಂಗ. ಕುರಿ ಬಂದು ನಿಂತಾವ, ನಮ್ಮ ಹೊಲ ಖಾಲಿ ಐತಿ, ಸುತ್ತಮುತ್ತ ಎಲ್ಲಾ ಕಡ್ಲಿ ಇನ್ನೂ ಕಾಯಿ ತುಂಬಾಕತ್ತೇತಿ. ಐನೂರು ಬಾಯಿ ಹಗಲೊತ್ತ ಎಲ್ಲಿ ಮೇಯಬೇಕು?

ಇಲ್ಲಿ ಒಂದ ವಿಷಯ ಗಮನಿಸ್ರಿ. 2023ರಾಗ ರಾಜ್ಯದ 236 ತಾಲೂಕಿನಾಗ 223 ಬರ ಅಂತ ಘೋಷಣೆ ಆದಾಗ ನಮ್ಮೂರಾಗ ಕುರಿ ಸಂಬಂಧ ಒಂದೂ ಜಗಳ ಆಗಲಿಲ್ಲ. ಬೆಳಿನ ಇರಲಿಲ್ಲ, ಯಾರ ಹೊಲಕ್ಕ ಹೊಕ್ಕರೂ ಏನ ತಿನ್ನತಾವ? ಕುರಿಯವರು ಸಿಕ್ಕ ರೇಟಿಗೆ ಕುರಿ ಮಾರಿ ಹಿಂಡು ಸಣ್ಣದ ಮಾಡ್ಕೊಂಡ್ರು, ರೈತರು ಸಾಲ ಮಾಡಿದ್ರು, ಎಲ್ಲಾರೂ ತಮ್ಮ ತಮ್ಮ ಸಂಕಟದಾಗ ಇದ್ರು. ಜಗಳ ಆಗಿದ್ದು ಈಗ, ಮಳಿ ಜಾಸ್ತಿ ಆದಾಗ, ತಪ್ಪ ಟೈಮಿಗೆ ಆದಾಗ.

ಆದದ್ದ ಇಷ್ಟ. ಒಂದ ರಾತ್ರಿ ಬಲಿ ಒಂದ ಕಡೆ ಬಿಚ್ಚಿ ಒಂದಿಷ್ಟ ಕುರಿ ಬಾಂದ ದಾಟಿ ಮಗ್ಗಲ ಹೊಲದ ಕಡ್ಲಿಗೆ ಬಾಯಿ ಹಾಕಿದ್ವು. ಕಡ್ಲಿ ಗಿಡದ ಹುಳಿ ಕುರಿಗೆ ಒಮ್ಮೆ ರುಚಿ ಹತ್ತಿತಂದ್ರ ತಿರಗಿ ನೋಡಂಗಿಲ್ಲ. ಬೆಳಿಗ್ಗಿ ಅನ್ನೋದರಾಗ ಬೈಕ್ ಮ್ಯಾಲ ಹುಡುಗ್ರು ಬಂದ್ರು, ಹೊಲದ ಮಾಲಕ ಅಲ್ಲ ಮತ್ತ, ಅವರ ಮಗ ಮತ್ತ ದೋಸ್ತರು. ಬಂದವರ ಬಲಿ ಕೊಯ್ದ್ರು, ನಾಕು ಟಗರು ಹಿಡದು ಟಾಟಾ ಏಸ್‌ನಾಗ ಹಾಕಾಕ ಹೊಂಟ್ರು, ಕಾಕಾನ ಮಗನ ಕೊರಳಪಟ್ಟಿ ಹಿಡದ್ರು. ಅವನ ಕೈಯಾಗ ಕೊಡಲಿ ಇತ್ತು. ಆ ಎರಡ ನಿಮಿಷ ಏನರ ಆಗಬಹುದಿತ್ತು. ಕಾಕಾ ನಡುವ ಬಂದು ಮಗನ ಕೈಯಿಂದ ಕೊಡಲಿ ಕಸ್ಕೊಂಡು ದೂರ ಒಗದ್ರು, ಒಗದು ಆ ಹುಡುಗ್ರಿಗೆ ಹೇಳಿದ್ರು, "ಲುಕ್ಸಾನ ಆಗೇತಿ, ಇಲ್ಲ ಅನ್ನಂಗಿಲ್ಲ ತಮ್ಮಾ, ನಿಮ್ಮಪ್ಪನ್ನ ಕರಕೊಂಡ ಬಾ, ಅವರ ಜೋಡಿ ಮಾತಾಡ್ತೇನಿ." ದೊಡ್ಡಪ್ಪನೂ ಅಷ್ಟರಾಗ ಬಂದ್ರು.

ಆಮ್ಯಾಲ ಗುಡಿ ಕಟ್ಟಿ ಮ್ಯಾಲ ಕುಂತು ಪಂಚಾಯ್ತಿ ಆತು. ಇಪ್ಪತ್ತ ಸಾವಿರದಿಂದ ಶುರು ಆದ ಮಾತು ಎಲ್ಲೆಲ್ಲೋ ಹೋಗಿ ಕಡಿಗೆ ನಿಂತಿದ್ದು ಹೆಂಗ ಅಂದ್ರ, ಅವರ ಕಡ್ಲಿ ರಾಶಿ ಆದ ಮ್ಯಾಲ ಇದೇ ಹಿಂಡು ಅವರ ಹೊಲದಾಗ ಪುಕ್ಕಟೆ ನಿಲ್ಲಬೇಕು, ಮೇದ ಜಾಗಕ್ಕ ಗೊಬ್ಬರದಾಗ ಪರಿಹಾರ. ಕೊಯ್ದ ಬಲಿ ರೊಕ್ಕ ಹುಡುಗ್ರ ಕೊಡಬೇಕು. ಪೊಲೀಸ್ ಬರಲಿಲ್ಲ, ಬೆಳಿ ಮೇದ ದನಕುರಿ ಕೂಡಿಹಾಕೋ ಕೊಂಡವಾಡಕ್ಕ ಒಂದ ಕುರಿ ಹೋಗಲಿಲ್ಲ. ನನಗ ಈ ಇಡೀ ಸರ್ವೀಸಿನಾಗ ಎಲ್ಲಾಕ್ಕಿಂತ ಕಿಮ್ಮತ್ತಿನ ಭಾಗ ಯಾವುದು ಅಂತ ಕೇಳಿದ್ರ ಹಿಕ್ಕಿ ಅಲ್ಲ, ಈ ಪಂಚಾಯ್ತಿ. ಆ ಕಟ್ಟಿ ಮ್ಯಾಲ ಕುಂತ ಐದಾರು ಮಂದಿಯೊಳಗ ಅರವತ್ತರ ಕೆಳಗಿನವರು ಒಬ್ಬರೂ ಇರಲಿಲ್ಲ ಅನ್ನೋದ ನನಗ ಚಿಂತಿ.

ಆ ಗದ್ದಲದ ಮರದಿವ್ಸ ರಾತ್ರಿ ಕಾವಲಿಗೆ ಅಂತ ನಾನೂ ಹೊಲದಾಗ ಮಲಗಿದ್ದೆ, ಜೋಡಿ ನಮ್ಮ ದೋಸ್ತ ಒಬ್ಬ ಬಂದಿದ್ದ, ಮಿಲಿಟರಿಯಿಂದ ರಿಟೈರ್ ಆದಾವ, ಯುಎನ್ ಶಾಂತಿಪಾಲನೆ ಅಂತ ದಕ್ಷಿಣ ಸುಡಾನ್‌ಗ ಹೋಗಿ ಬಂದಾನ. ಜೊಂಗ್ಲೇ ಅನ್ನೋ ಸೀಮಿ, ಎಲ್ಲಿ ನೋಡಿದ್ರೂ ದನ, ಮದುವಿಗೆ ಕನ್ಯಾದ ಕಡೆಯವರಿಗೆ ದನಾನ ಕೊಡಬೇಕು, ದನ ಇಲ್ಲಾಂದ್ರ ಮದುವಿ ಇಲ್ಲ, ಹಂಗಾಗಿ ಹುಡುಗ್ರು ಇನ್ನೊಂದ ಕುಲದ ದನ ಹೊಡ್ಕೊಂಡ ಬರಾಕ ಹೋಗ್ತಾರ. ಮೊದಲ ಭರ್ಚಿ ಹಿಡ್ಕೊಂಡು ಹೋಗ್ತಿದ್ರಂತ, ಈಗ ಎಕೆ-47. ಅಲ್ಲೇ ಗುಮುರುಕ್ ಅನ್ನೋ ಊರಿನ ಹತ್ರ 2013ರ ಏಪ್ರಿಲ್‌ನಾಗ ಯುಎನ್ ಗಾಡಿ ಸಾಲಿನ ಮ್ಯಾಲ ದಾಳಿ ಆಗಿ ನಮ್ಮ ದೇಶದ ಐದು ಸೈನಿಕರು ತೀರಕೊಂಡಿದ್ದು. ಅದರ ಬಗ್ಗೆ ಅವ ಜಾಸ್ತಿ ಮಾತಾಡಂಗಿಲ್ಲ, ನಾವೂ ಕೇಳಂಗಿಲ್ಲ.

ಅವ ಹೇಳಿದ ಇನ್ನೊಂದ ಮಾತು ನನ್ನ ತಲ್ಯಾಗ ಕುಂತೈತಿ. ನಾವೆಲ್ಲಾ ಆಫ್ರಿಕಾ ಅಂದ್ರ ಬರಗಾಲ ಅಂತ ತಿಳ್ಕೊಂಡೇವಿ, ಆದ್ರ 2019ರಿಂದ ಮುಂದ ಆ ಜೊಂಗ್ಲೇದಾಗ ವರ್ಷ ವರ್ಷ ಪ್ರವಾಹ, ನೀರು ಇಳಿಯಾಕ ತಯಾರಿಲ್ಲ, ಹುಲ್ಲುಗಾವಲ ಎಲ್ಲಾ ಮುಳಗಿ ಬೋರ್ ಅನ್ನೋ ಊರಿನ ಕಡೆ ಡಿಂಕಾ ಅನ್ನೋ ದನಗಾರ ಕುಲದ ಮಂದಿ ದನ ಹೊಡ್ಕೊಂಡು ದಕ್ಷಿಣಕ್ಕ ಇಕ್ವಟೋರಿಯಾ ಸೀಮಿಗೆ ಹೋದ್ರು. ಅಲ್ಲಿರೋರು ಒಕ್ಕಲತನದವರು. ಅಲ್ಲಿ ಸುಗ್ಗಿ ಯಾವಾಗ, ಯಾವ ದಾರಿಗೆ ಹೋಗಬೇಕು, ಬೆಳಿ ತಿಂದ್ರ ಯಾರ ಹತ್ರ ಕುಂತು ಮಾತಾಡಬೇಕು, ಯಾವುದೂ ಇಬ್ಬರ ನಡುವ ಗೊತ್ತಿರಲಿಲ್ಲ. ಗುಂಡು ಹಾರಿದ್ವು, ಹಳ್ಳಿ ಬಿಟ್ಟು ಮಂದಿ ಓಡಿದ್ರು. ನೀರು ಇಲ್ಲದ್ದಕ್ಕ ಅಲ್ಲ, ನೀರು ಜಾಸ್ತಿ ಆಗಿ.

ಇದನ್ನ ಕೇಳಿದ ಮ್ಯಾಲ ಹುಬ್ಬಳ್ಳಿಗೆ ಬಂದು ನಾನೂ ಒಂದಿಷ್ಟ ಓದಿದೆ. 2007ರಾಗ ವಿಶ್ವಸಂಸ್ಥೆ ಪ್ರಧಾನ ಕಾರ್ಯದರ್ಶಿ ಆಗಿದ್ದ ಬಾನ್ ಕಿ ಮೂನ್, ಸುಡಾನ್‌ದ ದಾರ್ಫುರ್ ಯುದ್ಧ ಪರಿಸರದ ಬಿಕ್ಕಟ್ಟಾಗಿ ಶುರು ಆದದ್ದು, ಅದಕ್ಕ ಒಂದ ಮಟ್ಟಿಗರ ಹವಾಮಾನ ಬದಲಾವಣಿ ಕಾರಣ ಅಂತ ಬರದಿದ್ರು. ಟಿವಿ ಚರ್ಚಾದಾಗ ಈಗೂ ಅದನ್ನ ಹೇಳ್ತಾರ, ಬರ ಬಂತು, ಒಂಟೆ ಕಾಯೋರು ರೈತರ ಮ್ಯಾಲ ಬಿದ್ರು, ಮುಗೀತು. ಆದ್ರ ಲೆಕ್ಕ ಹಾಕಿ ನೋಡಿದವರು ಬ್ಯಾರೆ ಹೇಳ್ತಾರ. ಅಲ್ಲಿ ಮಳಿ ಇಳದಿದ್ದು 1970ರ ಆಸುಪಾಸು, ಯುದ್ಧ ಹತ್ತಿದ್ದು 2003ರಾಗ. ನಡುವ ಮೂವತ್ತ ವರ್ಷ ಏನ ನಡೀತು? ಅಲ್ಲೂ ನಮ್ಮಂಗ ಸುಗ್ಗಿ ಮುಗದ ಮ್ಯಾಲ ಇಂಥಾ ತಾರೀಖಿನಿಂದ ಹೊಲಕ್ಕ ದನ ಬಿಡಬಹುದು ಅಂತ ಸಾರೋ ಪದ್ಧತಿ ಇತ್ತು, ದನ ಹೋಗೋ ದಾರಿ ಗುರ್ತು ಮಾಡಿದ್ವು, ತಂಟೆ ಬಂದ್ರ ಕುಲದ ಹಿರೇರು ಬಿಡಸ್ತಿದ್ರು. 1971ರಾಗ ಸುಡಾನ್ ಅಧ್ಯಕ್ಷ ನಿಮೇರಿಯ ಸರಕಾರ ಆ ಹಿರೇರ ಅಧಿಕಾರಾನ ತಗದು ಹಾಕ್ತು. ಪಂಚರನ್ನ ಎಬ್ಬಿಸಿ ಕಳಿಸಿದ್ರು, ಕಟ್ಟಿ ಖಾಲಿ ಆತು. ಆಮ್ಯಾಲ ರಾಜಧಾನಿ ಖಾರ್ಟೂಮ್‌ನ ಸರಕಾರನ ಒಂದ ಕಡೆಯವರಿಗೆ ಬಂದೂಕ ಕೊಟ್ಟು ಜಂಜಾವೀದ್ ಪಡೆ ಕಟ್ತು. ಇಷ್ಟೆಲ್ಲಾ ಬಿಟ್ಟು ಬರೇ ಮಳಿ ಮ್ಯಾಲ ಹಾಕಿದ್ರ ಬಂದೂಕ ಕೊಟ್ಟವರಿಗೆ ಭಾಳ ಅನುಕೂಲ.

ಕೀನ್ಯಾದ ಉತ್ತರಕ್ಕ ಮಾರ್ಸಬಿಟ್ ಅನ್ನೋ ಜಿಲ್ಲಾದಾಗ ಹಳೇ ದಾಖಲಿ ತಗದು ನೋಡಿದ್ರ ದನ ಲೂಟಿ, ಕೊಲಿ ಜಾಸ್ತಿ ಆಗಿದ್ದು ಬರದ ವರ್ಷ ಅಲ್ಲ, ಮಳಿ ಆದ ವರ್ಷ. ಬರದಾಗ ವೈರಿ ಕುಲದವರೂ ಒಂದ ಬಾವಿಗೆ ಹೊಂದಕೊಂಡು ನೀರು ಕುಡಿಸ್ತಾರ. ಮಳಿಗಾಲದಾಗ ಹುಲ್ಲು ಎತ್ತರ, ಅಡಗಾಕ ಜಾಗ, ದನ ಗಟ್ಟಿ, ದೂರ ಹೊಡ್ಕೊಂಡು ಹೋಗಬಹುದು. ನಮ್ಮ 2023ರ ಅನುಭವನೂ ಅದ ಅಲ್ಲೇನು?

ಹಂಗಂತ ಬರ ಅಂದ್ರ ಸುಮ್ನ ಅಲ್ಲ. 2020ರ ಕಡಿಯಿಂದ 2022ರ ತನಕ ಸೊಮಾಲಿಯಾ, ಕೀನ್ಯಾ, ಇಥಿಯೋಪಿಯಾದ ಆ ಭಾಗದಾಗ ಸಾಲಾಗಿ ಐದು ಮಳಿಗಾಲ ಕೈಕೊಟ್ಟು ಲಕ್ಷಗಟ್ಟಲೆ ದನಕುರಿ ಸತ್ತು ಬಿದ್ವು, ಹಿಂಡು ಹೋದ ಹುಡುಗ್ರಿಗೆ ಮುಂದ ಕೆಲಸ ಕೊಡೋರು ಯಾರು, ಬಂದೂಕ ಹಿಡದವರ. ಬಂದೂಕ ಎಲ್ಲಿಂದ ಬಂದ್ವು ಅನ್ನೋದೂ ಒಂದ ಕಥಿ. ಉಗಾಂಡಾದಾಗ 1979ರಾಗ ಸರ್ವಾಧಿಕಾರಿ ಈದಿ ಅಮೀನ್ ಬಿದ್ದಾಗ ಮೊರೊಟೊ ಊರಿನ ಸೈನ್ಯದ ಉಗ್ರಾಣಾನ ಕರಮೊಜಾ ಕಡೆ ದನಗಾರರು ದೋಚಿಬಿಟ್ರು, ಅಲ್ಲಿಂದ ಮುಂದ ದನ ಕದಿಯೋದು ಭರ್ಚಿ ಆಟ ಆಗಿ ಉಳಿಲಿಲ್ಲ. ನಮ್ಮಲ್ಲೂ ಕುರಿಗಾರರಿಗೆ ಬಂದೂಕ ಲೈಸೆನ್ಸ್ ಕೊಡ್ರಿ ಅನ್ನೋ ಬೇಡಿಕಿ ಐತಿ, ಕಳ್ಳರ ಕಾಟ ನೋಡಿದ್ರ ಅವರ ಸಂಕಟ ಅರ್ಥ ಆಗ್ತೈತಿ, ರಾತ್ರಿ ಗಾಡಿ ತಂದು ಹತ್ತಿಪ್ಪತ್ತ ಕುರಿ ಎತ್ತಹಾಕ್ಕೊಂಡು ಹೋಗ್ತಾರ. ಆದ್ರ ಆ ಬೆಳಿಗ್ಗಿ ಕಾಕಾನ ಮಗನ ಕೈಯಾಗ ಇದ್ದಿದ್ದು ಕೊಡಲಿ, ಕಸ್ಕೊಂಡು ಒಗಿಯಾಕ ಬಂತು. ನಾ ಬಂದೂಕ ಬ್ಯಾಡ ಅನ್ನೋ ಕಡೆ.

ಈಗ ನಮ್ಮ ಊರಿಗೆ ಬರೋಣ. ತಾರೀಖು ತಪ್ಪಿದ್ರ ಕಾಯಾಕ ಒಂದ ಜಾಗ ಬೇಕು, ಆ ಜಾಗ ಹೋತು, ಜಗಳದ ಬೇರು ಅಲ್ಲೈತಿ. ಮೊದಲ ಊರಿಗೊಂದ ಗೋಮಾಳ ಇತ್ತು, ಹದಿನೈದು ದಿವ್ಸ ಕುರಿ ಅಲ್ಲೇ ಇರ್ತಿದ್ವು, ಈಗ ಗೋಮಾಳದಾಗ ಪ್ಲಾಟು, ಅತಿಕ್ರಮಣ. ಕಪ್ಪತಗುಡ್ಡದ ಕಡೆ ಹೋಗೋಣಂದ್ರ 2019ರಾಗ ಅದು ವನ್ಯಜೀವಿ ಧಾಮ ಆತು, 244 ಚದರ ಕಿಲೋಮೀಟರ್. ಗುಡ್ಡ ಉಳಿಬೇಕು, ಗಣಿಯವರ ಕೈಗೆ ಹೋಗಬಾರ್ದು ಅಂತ ನಾವೂ ಗದಗದಾಗ ಧರಣಿ ಕುಂತವರ, ಅದರಾಗ ಎರಡ ಮಾತಿಲ್ಲ. ಆದ್ರ ಗುಡ್ಡ ಉಳದ ಮ್ಯಾಲ ಕುರಿಯವರು ಎಲ್ಲಿ ಹೋಗ್ಬೇಕು ಅಂತ ಆಗ ಯಾರೂ ಕೇಳಲಿಲ್ಲ. ಮ್ಯಾಲ ಗಾಳಿ ಪಂಖ ತಿರಗ್ತಾವ, ಅದರ ಕೆಳಗ ಕುರಿ ಮೇಯಬಹುದು ಕಡಿಗೆ. ಸೋಲಾರ್ ಪ್ಲೇಟು ಹಾಕಿದ ಕಡೆ ತಂತಿ ಬೇಲಿ ಬೀಳ್ತೈತಿ, ಅಲ್ಲಿ ಕುರಿಗೆ ಪ್ರವೇಶ ಇಲ್ಲ. ಪಾವಗಡದ ಸೋಲಾರ್ ಪಾರ್ಕ್ ಒಂದ ಸುಮಾರು 13,000 ಎಕರೆ ನೋಡ್ರಿ. ಹವಾಮಾನ ಕೆಟ್ಟೈತಿ ಅಂತ ಮಾಡೋ ಔಷಧದ ಬಿಲ್ಲೂ ಕುರಿಗಾರರ ಹೆಸರಿಗೇ ಬರ್ತೈತಿ.

2025ರ ಜೂನ್‌ನಾಗ ಮಲೆಮಹದೇಶ್ವರ ಬೆಟ್ಟದ ಕಾಡಿನಾಗ ಒಂದ ತಾಯಿ ಹುಲಿ, ನಾಕು ಮರಿ ವಿಷ ತಿಂದು ಸತ್ವಲ್ಲ, ಅದಾದ ಮ್ಯಾಲ ಕಾಡಿನಾಗ ದನಕುರಿ ಮೇಯಿಸೋದು ಬಂದ್ ಮಾಡ್ರಿ ಅಂತ ಅರಣ್ಯ ಸಚಿವರ ಸೂಚನಾ ಬಂತು. ಎಲ್ಲಿದೋ ಚಾಮರಾಜನಗರದ ಸಂಗತಿ, ಇಲ್ಲಿ ನಮ್ಮ ಕಾಕಾಗ ಅದರ ಬಿಸಿ ತಟ್ತು. ಅದೇ ವರ್ಷ ವಲಸೆ ಕುರಿಗಾಹಿಗಳ ಮ್ಯಾಲಿನ ದೌರ್ಜನ್ಯ ತಡಿಯೋ ಮಸೂದಿನೂ ವಿಧಾನಮಂಡಲದಾಗ ಪಾಸ್ ಆತು, ಅದು ಛಲೋ, ಬೇಕಾಗಿತ್ತು, ಹೊಡಿಯೋರಿಗೆ ಅಂಜಿಕಿ ಇರ್ತೈತಿ. ಆದ್ರ ಕಡ್ಲಿ ತಡ ಆದ ವರ್ಷ ಐನೂರು ಕುರಿ ಆ ಹದಿನೈದು ದಿವ್ಸ ಎಲ್ಲಿ ನಿಲ್ಲಬೇಕು ಅನ್ನೋದನ್ನ ದಂಡದ ಕಲಮು ಹೇಳಂಗಿಲ್ಲ, ಅದನ್ನ ಯಾರರ ಕುಂತು ನಕ್ಷಾದಾಗ ಗುರ್ತು ಮಾಡಬೇಕು.

ವಿಮೆ, ಪರಿಹಾರ ಬಗ್ಗೆ ಕೇಳೋರಿಗೆ: ಸರಕಾರದ ಅನುಗ್ರಹ ಯೋಜನ್ಯಾಗ ದೊಡ್ಡ ಕುರಿ ಆಕಸ್ಮಿಕ ಸತ್ತರ ಕೊಡೋ ರೊಕ್ಕ 2025ರ ಬಜೆಟ್‌ನಾಗ 5,000ದಿಂದ 7,500ಕ್ಕ ಏರಿಸ್ಯಾರ. ಡಾಕ್ಟರ್ ಬಂದು ಪೋಸ್ಟ್‌ಮಾರ್ಟಂ ಮಾಡಿ ಬರಕೊಡಬೇಕು. ದಿನಾ ಊರು ಬದಲಿ ಮಾಡೋರಿಗೆ ಇದು ಸುಲಭ ಅಲ್ಲ, ಡಾಕ್ಟರ್ ಬರೋ ತನಕ ಹಿಂಡು ನಿಲ್ಲಸಕೊಂಡು ಕುಂತ್ರ ಉಳದ ಕುರಿ ಉಪವಾಸ. ಕೀನ್ಯಾದ ಅದೇ ಮಾರ್ಸಬಿಟ್‌ನಾಗ 2010ರಿಂದ ಒಂದ ಬ್ಯಾರೆ ನಮೂನಿ ವಿಮೆ ನಡಸ್ಯಾರ, ಸತ್ತ ದನ ಎಣಸಂಗಿಲ್ಲ, ಉಪಗ್ರಹದಿಂದ ಆ ಸೀಮ್ಯಾಗ ಹಸಿರು ಎಷ್ಟೈತಿ ನೋಡ್ತಾರ, ಇಷ್ಟಕ್ಕಿಂತ ಕೆಳಗ ಇಳೀತಂದ್ರ ವಿಮೆ ಮಾಡಿಸಿದ ಎಲ್ಲಾರಿಗೂ ರೊಕ್ಕ. ಐಡಿಯಾ ಭಾರಿ ಐತಿ. ಆದ್ರ ನಮ್ಮ ಈ ಸಲದ ಕಥ್ಯಾಗ ಉಪಗ್ರಹ ನೋಡಿದ್ರ ಎಲ್ಲಾ ಹಸಿರ ಹಸಿರು ಕಾಣ್ತಿತ್ತು, ಆ ಹಸಿರು ಮಂದಿ ಕಡ್ಲಿ!

ಕಾಕಾಗ ಮಳಿ ಅಂದಾಜು ಹೆಂಗ ಮಾಡ್ತೀರಿ ಅಂತ ಕೇಳಿದ್ದೆ. ಮೊದಲ ಮೈಲಾರದ ಕಾರಣೀಕ, ಆಮ್ಯಾಲ ನಕ್ಷತ್ರ, ಈಗ ಅದರ ಜೋಡಿ ಮೊಬೈಲು. ಹಿಂದ ಹೋದ ಹಿಂಡಿನವರಿಗೆ ಫೋನ್ ಹಚ್ಚಿ "ನಿಮ್ಮ ಕಡೆ ನೆಲ ಆರೇತೇನಪಾ" ಅಂತ ಕೇಳೋದು ಎಲ್ಲಾಕ್ಕಿಂತ ಪಕ್ಕಾ ಅಂತಾರ. "ರೋಣಿ ಮಳಿ ಬಂದ್ರ ಓಣೆಲ್ಲಾ ಜ್ವಾಳ ಅನ್ನತಿದ್ರು ನಮ್ಮಪ್ಪಾರು, ಈಗ ರೋಣಿ ಯಾವುದು ಸ್ವಾತಿ ಯಾವುದು ಮಳಿಗೇ ಗೊತ್ತಿಲ್ಲ ಬಿಡ್ರಿ" ಅಂದು ನಕ್ಕರು.

ಇನ್ನ ಸರ್ವೀಸ್ ತಗೊಳೋರಿಗೆ ನನ್ನ ಅನುಭವದಿಂದ ಒಂದೆರಡ ಮಾತು. ಕುರಿಯವರನ್ನ ಹುಡಕಬೇಕಂದ್ರ ಅಮೀನಗಡ, ಕೆರೂರ ಸಂತ್ಯಾಗ ಕೇಳ್ರಿ, ಒಂದ ಹಿಂಡಿನವರ ಗುರ್ತಾದ್ರ ಉಳದವರದು ತಾನ ಸಿಗ್ತೈತಿ. ನಿಮ್ಮ ಹೊಲ ಖಾಲಿ ಆತು ಅಂದ ಕೂಡಲೇ ಕರೀಬ್ಯಾಡ್ರಿ, ಮೊದಲ ಸುತ್ತ ನಾಕೂ ಬಾಂದದವರ ರಾಶಿ ಯಾವಾಗ ಕೇಳ್ರಿ, ಅವರಿಗೂ ಒಂದೆರಡ ರಾತ್ರಿ ಕುರಿ ನಿಲ್ಲಸೋ ಮಾತು ಆಗ ಆಡಿ ಇಟ್ಟುಬಿಡ್ರಿ, ಗೊಬ್ಬರ ಬರ್ತೈತಿ ಅಂದ್ರ ಯಾರೂ ಬಲಿ ಕೊಯ್ಯಾಕ ಬರಂಗಿಲ್ಲ. ಕುಡಿಯೋ ನೀರು ಎಲ್ಲೈತಿ ಅನ್ನೋದು ಮೊದಲ ತೋರಸ್ರಿ. ಅಡ್ವಾನ್ಸ್ ಕೊಡ್ರಿ, ಆದ್ರ ತಾರೀಖು ಬರಸಕೋಬ್ಯಾಡ್ರಿ, ಕೊಡೋರಿಗೂ ಗೊತ್ತಿಲ್ಲ, ತಗೊಳೋರಿಗೂ ಗೊತ್ತಿಲ್ಲ.

ಹೆಸರು ಬಿತ್ತಿದ ಪಟ್ಟ್ಯಾಗ ಈಗ ಬಲಿ ಎಲ್ಲಿ ತನಕ ಬಂದಿತ್ತು ಅಂತ ದೂರದಿಂದಾನ ಗೆರಿ ಕೊರದಂಗ ಕಾಣ್ತೈತಿ, ಆ ಕಡೆ ತಿಳಿ ಹಸಿರು, ಈ ಕಡೆ ಕಡು ಹಸಿರು. ಮಗ್ಗಲ ಹೊಲದ ಹುಡುಗ ಬೈಕ್ ನಿಲ್ಲಿಸಿ ಫೋಟೊ ಹೊಡ್ಕೊಂಡು ಹೋದ, ಮುಂದಿನ ವರ್ಷ ರೇಟ್ ಎಷ್ಟು ಅಂತ ದೊಡ್ಡಪ್ಪಗ ಕೇಳ್ಯಾನಂತ.

ಗೊಬ್ಬರಕ್ಕ ಐದು, ನಡವಳಿಕಿಗೆ ಐದು, ಚಾಕ್ಕ ನಾಕು (ಸಕ್ಕರಿ ಭಾಳ), ತಾರೀಖಿಗೆ ಎರಡ, ಅದೂ ಕಾಕಾನ ಲೆಕ್ಕಕ್ಕ ಹಚ್ಚಬಾರ್ದು. ಮುಂದಿನ ಸಲಕ್ಕ ಅಂತ ಕಾಕಾ ಒಂದ ಕೆಲಸ ಹಚ್ಚ್ಯಾರ: ಡಂಬಳ, ಡೋಣಿ, ಮುಳಗುಂದದ ಆಸುಪಾಸು ಡಿಸೆಂಬರ್ ಜನವರಿಯೊಳಗ ಬೀಳು ಬಿಟ್ಟ ಮಸಾರಿ ಹೊಲ ಇದ್ದವರು ಯಾರರ ಇದ್ರ ತಿಳಸ್ರಿ, ರಾಶಿ ತಡ ಆದ್ರ ಹಿಂಡು ಅಲ್ಲಿ ಕಾಯ್ತೈತಿ, ನಿಮಗ ಅರ್ಧ ರೇಟಿಗೆ ಗೊಬ್ಬರ. ತೊಟ್ಟ್ಯಾಗ ನೀರು ಇರಬೇಕು, ಸುತ್ತ ಕಡ್ಲಿ ಇರಬಾರ್ದು.